ರೋಮಿನ ಸಿಪಾಯಿಯೂ ನಮ್ಮತ್ತೆಯ ಬೀಸುಕಲ್ಲೂ

ರೋಮ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಪಡುವಣ ದಿಕ್ಕಿಗೆ ಕೈ ತೋರಿಸುತ್ತೇನೆ, ಅಷ್ಟೆ. ಆ ಕಡೆಗೆ ಹಾಲಹರವಿ ಇದೆ, ನನ್ನ ತವರು. ಅದರ ಆಚೆ ಬಳ್ಳಾರಿ. ಅದರ ಆಚೆ ಎಲ್ಲೋ ಸಮುದ್ರವಂತೆ, ಸಮುದ್ರದಾಚೆ ರೋಮ್. ದಾರಿ ಗೊತ್ತಿಲ್ಲ. ಆದರೆ ಎರಡು ಸಾವಿರ ವರ್ಷದ ಹಿಂದೆ ಆ ಊರಿನ ಸಿಪಾಯಿ ತನ್ನ ಹಿಟ್ಟನ್ನು ಹೇಗೆ ಬೀಸಿಕೊಂಡ ಎಂದು ಕೇಳಿ, ಹೇಳುತ್ತೇನೆ. ಅವನ ಚಪ್ಪಲಿ ಹೇಗಿತ್ತು ಎಂದು ಕೇಳಿ, ಅದನ್ನೂ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ಸೊಸೆ. ಆದೋನಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಾಳೆ. ಪಾಠ ತೆಲುಗಿನಲ್ಲಿ. ಮನೆಗೆ ಬಂದು ಕೈಕಾಲು ತೊಳೆದು ಕಾದಂಬರಿ ಬರೆಯುತ್ತಾಳೆ. ಅದು ಕನ್ನಡದಲ್ಲಿ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಕನ್ನಡ ಅಕ್ಷರ ಕಲಿಸಿದ್ದೂ ಅವಳೇ, ಬರೆದದ್ದನ್ನು ತಿದ್ದುವವಳೂ ಅವಳೇ. ಈ ಬರಹವನ್ನು ಮಾತ್ರ ತಿದ್ದಬೇಡ ಎಂದಿದ್ದೇನೆ.

ಅವಳ ಕಾದಂಬರಿ ರೋಮಿನ ದಂಡಿನದು. ಆ ರಾಜ್ಯದ ಗಡಿಯಲ್ಲಿ ಚಳಿ ಬೀಳುವ ಒಂದು ಸೀಮೆ, ಅಲ್ಲೊಂದು ದಂಡಿನ ಡೇರೆ, ಡೇರೆಯೊಳಗೆ ಎಂಟು ಜನ ಸಿಪಾಯಿಗಳು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ದಂಡು ಬಿಟ್ಟು ಓಡಿಹೋಗುವುದೇ ಕಥೆ. ಓಡಿಹೋದವನು ಸಿಕ್ಕಿದರೆ ತಲೆ ಹೋಗುತ್ತದೆ. ಇವಳು ಬರೆದಂತೆ ಅವನು ಸಿಗುವುದಿಲ್ಲ, ಬದುಕುತ್ತಾನೆ.

ಮೊದಮೊದಲು ನನಗೆ ಇದೆಲ್ಲ ತಲೆಕೆಟ್ಟ ಕೆಲಸ ಅನ್ನಿಸಿತ್ತು. ಕಥೆ ಎಂದ ಮೇಲೆ ಸುಳ್ಳು. ಸುಳ್ಳು ಹೇಳುವುದಕ್ಕೆ ಇಷ್ಟು ಓದಬೇಕೇ? ಅವಳ ಮೇಜಿನ ಮೇಲೆ ಇಟ್ಟಿಗೆಯಂಥ ಪುಸ್ತಕಗಳು, ಕಂಪ್ಯೂಟರಿನಲ್ಲಿ ಮುರುಕು ಗಡಿಗೆಗಳ ಫೋಟೋಗಳು. ಒಂದು ದಿನ ಕೇಳಿಯೇಬಿಟ್ಟೆ.

"ಮುಂಜಾನಿಂದ ಏನ್ ಹುಡುಕಾಕತ್ತಿ ಯವ್ವಾ?"

"ಚಪ್ಪಲಿ, ಅತ್ತಿ."

"ನಿನ್ನ ಚಪ್ಪಲಿ ಬಾಗಲಾಗ ಅದಾವಲ್ಲ."

"ನನ್ನವಲ್ಲ, ಸಿಪಾಯಿಗಳವು. ಚಪ್ಪಲಿ ತಳಕ್ಕ ಕಬ್ಬಿಣದ ಮೊಳಿ ಹೊಡಿಸಿಕೊಳ್ಳತಿದ್ರು. ಕಲ್ಲಿನ ಮ್ಯಾಲೆ ನಡದ್ರ ಟಕಟಕ ಅಂತ ಸದ್ದು ಬರ್ತೈತಿ. ನನ್ನ ಹುಡುಗ ಸದ್ದಿಲ್ಲದ ಓಡಬೇಕು. ಚಪ್ಪಲಿ ಕೈಯಾಗ ಹಿಡಕೊಂಡು ಓಡಿಸಬೇಕೇನೋ."

ನಾನು ನಕ್ಕೆ. ಅವಳು ನಗಲಿಲ್ಲ. ಚಪ್ಪಲಿಯೊಳಗೆ ಏನು ಸುತ್ತಿಕೊಳ್ಳುತ್ತಿದ್ದರು, ಬರಿಗಾಲಲ್ಲಿ ಓಡಿದರೆ ಆ ಸೀಮೆಯ ನೆಲದಲ್ಲಿ ಯಾವ ಮುಳ್ಳು ಚುಚ್ಚುತ್ತದೆ, ಅದನ್ನೂ ಹುಡುಕಿದಳು. ಅಲ್ಲಿ ಜಾಲಿ ಇಲ್ಲವಂತೆ.

ಇನ್ನೊಂದು ದಿನ ಹೇಳಿದಳು, ಅಲ್ಲಿಯ ಹಳೆಯ ಕಕ್ಕಸಿನ ಗುಂಡಿಗಳನ್ನು ಅಗೆದು ನೋಡುತ್ತಾರಂತೆ. ಅದರಲ್ಲಿ ಅಂಜೂರದ ಬೀಜ ಸಿಕ್ಕಿವೆಯಂತೆ. ಹೀಗಾಗಿ ಸಿಪಾಯಿಗಳು ಅಂಜೂರ ತಿಂದರು ಎಂದು ಗೊತ್ತಾಯಿತು.

"ಥೂ, ಹೇಲಿನಾಗೂ ಇತಿಹಾಸ ಐತೇನು?" ಎಂದೆ.

"ಅಲ್ಲೇ ಐತಿ ಅತ್ತಿ. ರಾಜರು ಕಲ್ಲಿನ ಮ್ಯಾಲೆ ಬರಸಿದ್ದು ಅರ್ಧ ಸುಳ್ಳು. ಇದು ಸುಳ್ಳು ಹೇಳಂಗಿಲ್ಲ."

ಅವತ್ತು ಮೊದಲ ಸಲ ನನಗೆ ಬೆರಗಾಯಿತು. ಎಂದೋ ಸತ್ತವರು. ಅವರಿಗಾಗಿ ಅಳುವವರು ಒಬ್ಬರೂ ಉಳಿದಿಲ್ಲ. ಅಂಥವರ ಬಗ್ಗೆ ಒಂದು ಅಂಜೂರದ ಬೀಜದಷ್ಟೂ ಸುಳ್ಳು ಹೇಳಬಾರದು ಎಂದು ಈ ಆದೋನಿಯ ಓಣಿಯಲ್ಲಿ ಒಬ್ಬಳು ಊಟ ಬಿಟ್ಟು ಕುಳಿತಿದ್ದಾಳೆ. ನಮ್ಮ ಜನ ಪಕ್ಕದ ಮನೆಯವರ ಬಗ್ಗೆ ಅಷ್ಟು ನಿಯತ್ತು ಇಟ್ಟುಕೊಂಡಿಲ್ಲ.

ಆಮೇಲೆ ಅವಳು ಆ ಫೋಟೋ ತೋರಿಸಿದಳು. ನೆಲದಿಂದ ಅಗೆದು ತೆಗೆದದ್ದು. ಎರಡು ದುಂಡನೆಯ ಕಲ್ಲು, ಒಂದರ ಮೇಲೊಂದು. ಮೇಲಿನದಕ್ಕೆ ನಡುವೆ ಕಾಳು ಹಾಕುವ ಬಾಯಿ, ಅಂಚಿನಲ್ಲಿ ಗೂಟ ಸಿಕ್ಕಿಸುವ ತೂತು.

"ಇದು ನಮ್ಮ ಬೀಸುಕಲ್ಲು!" ಎಂದೆ.

"ರೋಮಿನ ಸಿಪಾಯಿಗಳದ್ದು. ಎಂಟು ಜನಕ್ಕ ಒಂದು ಕಲ್ಲು. ದಂಡು ಹೊಂಟ್ರ ಹೇಸರಗತ್ತಿ ಮ್ಯಾಲೆ ಹೇರತಿದ್ರು. ಎಲ್ಲಿ ಡೇರೆ ಹಾಕಿದ್ರ ಅಲ್ಲಿ ತಾವ ಬೀಸಿಕೊಂಡು, ತಾವ ರೊಟ್ಟಿ ಸುಟ್ಟುಕೊಂಡು ತಿಂತಿದ್ರು."

"ಗಂಡಸರು ಬೀಸತಿದ್ರಾ? ಸುಳ್ಳು."

"ಖರೇ ಅತ್ತಿ."

ನಾನು ನಂಬಲಿಲ್ಲ. ನಮ್ಮ ಕಡೆ ಗಂಡಸು ಗೂಟ ಹಿಡಿದರೆ ಮನೆಗೆ ದರಿದ್ರ ಎನ್ನುತ್ತಾರೆ. ಮದುವೆಯಲ್ಲಿ ಕಲ್ಲಿಗೆ ಅರಿಶಿನ ಹಚ್ಚಿ ಕಂಕಣ ಕಟ್ಟುವವರೂ ಹೆಂಗಸರೇ. ರಾಜ್ಯ ಗೆದ್ದವರು ಚಕ್ಕಳಬಕ್ಕಳ ಕುಳಿತು ಹಿಟ್ಟು ಬೀಸಿದರು ಎಂದರೆ ಯಾರು ನಂಬುತ್ತಾರೆ? ಅವಳು ಪುಸ್ತಕದ ಮೇಲೆ ಪುಸ್ತಕ ತೆಗೆದು ತೋರಿಸಿದಳು. ಕನ್ನಡವನ್ನೇ ತಡವರಿಸಿ ಓದುವವಳಿಗೆ ಇಂಗ್ಲಿಷ್ ಪುಸ್ತಕ ತೋರಿಸಿ ಏನು ಮಾಡುವುದು? ಕೊನೆಗೆ ಒಂದು ಮಾತು ಹೇಳಿದಳು. ಆ ಕಾಲದ ಹೆಣಗಳ ಹಲ್ಲು ಸವೆದಿರುತ್ತವಂತೆ. ಕಲ್ಲಿನ ಪುಡಿ ಹಿಟ್ಟಿನಲ್ಲಿ ಸೇರಿ ರೊಟ್ಟಿಗೆ ಬಂದು ಹಲ್ಲನ್ನು ತಿನ್ನುತ್ತದೆ. ನಮ್ಮವ್ವನ ಹಲ್ಲು ನೆನಪಾಯಿತು, ಒಸಡಿಗೆ ಸಮವಾಗಿ ಸವೆದಿದ್ದವು. ಅವತ್ತು ನಂಬಿದೆ.

ಅವಳ ತೊಡಕು ಇಲ್ಲಿ ಶುರುವಾಯಿತು. ಕಾದಂಬರಿಯಲ್ಲಿ ಆ ಹುಡುಗ ಡೇರೆಯ ಮುಂದೆ ಗೆಳೆಯನೊಬ್ಬನ ಎದುರು ಕುಳಿತು ಗೋಧಿ ಬೀಸುತ್ತಾನೆ. ಬೀಸುತ್ತಲೇ, ನಾಳೆ ಓಡಿಹೋಗುತ್ತೇನೆ ಎಂದು ಅವನಿಗೆ ಹೇಳುತ್ತಾನೆ. ಡೇರೆಯೊಳಗೆ ಉಳಿದ ಆರು ಜನ ಮಲಗಿರುತ್ತಾರೆ. ಕಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಕಾದಂಬರಿಯ ಕೊನೆಯೆಲ್ಲ ಇದರ ಮೇಲೆ ನಿಂತಿತ್ತು. ಬರೆದು ಮುಗಿಸಿದ್ದಳು. ಬಳ್ಳಾರಿಯಲ್ಲಿ ಅಚ್ಚು ಹಾಕುವವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಇವಳು ಕಳಿಸುತ್ತಿಲ್ಲ.

"ಖರೇನ ಕೇಳಂಗಿಲ್ಲೇನು ಅತ್ತಿ? ಯಾವ ಪುಸ್ತಕದಾಗೂ ಇದು ಸಿಗವಲ್ದು."

ನಾನು ಎದೆ ಉಬ್ಬಿಸಿಕೊಂಡೆ. "ಇದಕ್ಕ ಪುಸ್ತಕ ಯಾಕ? ನನ್ನ ಕೇಳು. ನಮ್ಮ ಕಾಲದಾಗ ಸೊಸ್ತೇರು ಅತ್ತಿನ ಬೈತಿದ್ದದ್ದ ಬೀಸುಕಲ್ಲಿನ ಮುಂದ. ಕಲ್ಲು ತಿರುಗಾಕತ್ತಿದ್ರ ದೇವರಿಗೂ ಕೇಳತಿದ್ದಿಲ್ಲ. ಧೈರ್ಯವಾಗಿ ಬರಿ."

ಬೇರೆಯವಳಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದಳು. ಇವಳು, "ಹಂಗಾದ್ರ ಮಾಡಿ ನೋಡೋಣು" ಎಂದಳು.

ಕಲ್ಲು ಮನೆಯಲ್ಲೇ ಇತ್ತು, ನಮ್ಮತ್ತೆಯ ಕಲ್ಲು. ಪೆದ್ದಕಡುಬೂರಿನ ಹತ್ತಿರದ ಹಳ್ಳಿ ಬಿಟ್ಟು ಆದೋನಿಗೆ ಬರುವಾಗ ಎತ್ತಿಕೊಂಡು ಬಂದಿದ್ದೆವು. ಕೆಳಗಿನ ಕಲ್ಲಿನ ಮೇಲೆ ನಾನು ಬಟ್ಟೆ ಒಗೆಯುತ್ತಿದ್ದೆ, ಮೇಲಿನ ಕಲ್ಲು ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಕುಳಿತಿತ್ತು. ಎರಡನ್ನೂ ತೊಳೆದು, ಉಳಿ ಹಿಡಿಯುವವನನ್ನು ಕರೆಸಿ ನುಣುಪಾದ ಮೈಗೆ ಕಚ್ಚು ಹಾಕಿಸಿದೆವು, ಹೊಸ ಗೂಟ ಮಾಡಿಸಿದೆವು. ನಾನು ಜೋಳ ತಂದೆ. ಬೇಡ ಎಂದಳು.

"ಗೋಧಿನ ಬೇಕು. ಜೋಳದ ಸದ್ದು ಬ್ಯಾರೆ ಇದ್ರ?"

ಗೋಧಿ ತಂದೆವು. ಆಮೇಲೆ ರಂಗೋಲಿ ಪುಡಿ ತೆಗೆದುಕೊಂಡು ಹಿತ್ತಲಲ್ಲಿ ಡೇರೆಯ ಅಳತೆಗೆ ನಾಲ್ಕು ಗೆರೆ ಎಳೆದಳು. ಗೋಡೆಯಾಚೆಯ ಮನೆಯವಳು ಇಣುಕಿದಳು.

"ಏಂ ಪೆದ್ದಮ್ಮಾ, ಇದೇನು ಮುಗ್ಗು? ಯಾವ ಹಬ್ಬಕ್ಕ?"

"ಹಬ್ಬ ಅಲ್ಲಮ್ಮ. ಎಂಟು ಮಂದಿ ಗಂಡಸರು ಮಲಗೋ ಜಾಗ."

"ಅಯ್ಯೋ ರಾಮಾ!" ಎಂದು ಬಾಯಿಗೆ ಸೆರಗು ಹಿಡಿದಳು. ಆದರೆ ಹೋಗಲಿಲ್ಲ, ಅಲ್ಲೇ ನಿಂತಳು.

ನಾನು ಆ ಗೆರೆಗಳ ನಡುವೆ ಹೋಗಿ ನಿಂತು ನೋಡಿದೆ. ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಎಂಟು ಜನ, ಅವರ ಕತ್ತಿ ಗುರಾಣಿ, ಬೆವರು, ಗೊರಕೆ, ಎಲ್ಲ ಇಷ್ಟರಲ್ಲಿ! ಮಗ್ಗುಲು ಬದಲಿಸಿದರೆ ಪಕ್ಕದವನಿಗೆ ಗೊತ್ತಾಗುತ್ತದೆ. ನಮ್ಮ ಹಿತ್ತಲಿನ ಬಚ್ಚಲ ಪಕ್ಕದಲ್ಲಿ ಬಿಳಿ ಪುಡಿಯ ನಾಲ್ಕು ಗೆರೆಯೊಳಗೆ ಅವರೆಲ್ಲ ಮಲಗಿದ್ದಂತೆ ಕಂಡಿತು. ಕಾಲು ಮೆಲ್ಲಗೆ ಎತ್ತಿ ಇಟ್ಟು ಹೊರಗೆ ಬಂದೆ.

ಡೇರೆ ಚರ್ಮದ್ದಂತೆ. ಅವಳು ಆಡಿನ ತೊಗಲು ತರುತ್ತೇನೆ ಎಂದಳು. "ಆ ನಾತ ಮನ್ಯಾಗ ಬಂದ್ರ ನಾನು ಹೊರಗ ಹೋಗ್ತೀನಿ" ಎಂದೆ. ಕೊನೆಗೆ ಕುರಿ ಕಾಯುವವರ ಹತ್ತಿರ ದಪ್ಪನೆಯ ಕರಿ ಕಂಬಳಿ ತಂದು ಹಗ್ಗಕ್ಕೆ ಹಾಕಿ, ಅದರ ಮೇಲೆ ಲಾರಿಯ ಟಾರ್ಪಾಲು ಇಳಿಬಿಟ್ಟೆವು.

ಸಿಪಾಯಿಯಾಗಿ ಬೀಸುವ ಪಾಳಿ ನನ್ನ ಮಗನದು. ಅವನದು ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ. ತೋಳು ಗಟ್ಟಿ, ಆದರೂ ನಾಲ್ಕು ಹಿಡಿ ಗೋಧಿಗೆ ಉಸ್ಸೆಂದ. ಗೋಡೆಯಾಚೆಯವಳು ಬಿಡುತ್ತಾಳೆಯೇ?

"ಏನಣ್ಣಾ, ಹೆಂಡ್ತಿ ನಿಂತು ನೋಡಾಕತ್ತಾಳ, ನೀನು ಬೀಸಾಕತ್ತಿ! ಸಂಬಳ ಎಷ್ಟು?"

"ಇವ ಈಗ ರೋಮಿನ ಸಿಪಾಯಿ, ಸುಮ್ನಿರು" ಎಂದೆ.

"ಇಂಥಾ ಸಿಪಾಯಿ ಇದ್ದದ್ದಕ್ಕ ಆ ರಾಜ್ಯ ಮುಳುಗಿರಬೇಕು."

ಮಗ ಗೂಟ ಬಿಟ್ಟು ಎದ್ದ. "ಅವ್ವಾ, ನೀನೂ ಚಿಗವ್ವನೂ ಕುಂದ್ರರಿ. ನನ್ನಿಂದ ಆಗಂಗಿಲ್ಲ."

ಚಿಗವ್ವ ಎಂದರೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಇನ್ನೂ ಆ ಹಳ್ಳಿಯಲ್ಲೇ ಇದ್ದಾಳೆ. ಈ ತಮಾಷೆ ನೋಡಲೆಂದೇ ಬಸ್ಸು ಹತ್ತಿ ಬಂದಿದ್ದಳು. ನಾವಿಬ್ಬರೂ ಎದುರುಬದುರು ಕುಳಿತೆವು. ಮೊಣಕಾಲು ನೋವಿಗೆ ಒಬ್ಬೊಬ್ಬರ ಕಾಲು ಒಂದೊಂದು ದಿಕ್ಕಿಗೆ. ಇಬ್ಬರೂ ಗೂಟ ಹಿಡಿದೆವು. ಕಲ್ಲು ತಿರುಗಿತು. ಕೈಗೆ ಎಲ್ಲ ನೆನಪಿತ್ತು. ಸೊಸೆಯೂ ಮಗನೂ ಕಂಬಳಿಯಾಚೆ ಡೇರೆಯ ಗೆರೆಯೊಳಗೆ ಕುಳಿತರು.

"ಏನರ ಮಾತಾಡ್ರಿ" ಎಂದು ಅಲ್ಲಿಂದ ಕೂಗಿದಳು.

ನಾನು ಬಗ್ಗಿ ನೆಗೆಣ್ಣಿಗೆ ಮೆಲ್ಲಗೆ ಹೇಳಿದೆ, "ಈಕಿ ಮೈಯೆಲ್ಲ ರೋಮಿನಾಗ, ಕೈ ಅಷ್ಟ ಅಡಿಗಿ ಮನ್ಯಾಗ. ನಿನ್ನಿ ಸಾರಿಗೆ ಉಪ್ಪ ಹಾಕಿಲ್ಲ."

ನೆಗೆಣ್ಣಿ, "ನಮ್ಮ ಸೊಸಿ ಎರಡು ಸಲ ಹಾಕ್ತಾಳಕ್ಕ" ಎಂದಳು.

ಕಂಬಳಿಯಾಚೆಯಿಂದ ಸೊಸೆಯ ದನಿ ಬಂತು. "ನಿನ್ನಿ ಸಾರಿಗೆ ಉಪ್ಪು ಹಾಕಿದ್ದೆ ಅತ್ತಿ. ಕಡಿಮಿ ಆಗಿತ್ತು."

ಕಲ್ಲು ನಿಂತಿತು. ಗೋಡೆಯಾಚೆಯವಳು ನಕ್ಕಿದ್ದು ಓಣಿಗೆಲ್ಲ ಕೇಳಿಸಿತು.

"ನೀ ಊಹೆ ಮಾಡಿ ಹೇಳಿದಿ" ಎಂದೆ. ಮಗ ಹೊರಗೆ ಬಂದು, "ಇಲ್ಲವ್ವಾ, ನನಗೂ ಕೇಳಿತು" ಎಂದ. "ನಮ್ಮ ಅಂಗಡ್ಯಾಗೂ ಹಿಂಗ. ಮೋಟರ್ ತಿರುಗುವಾಗ ಮೆಲ್ಲಕ ಮಾತಾಡಾಕತ್ತೀವಿ ಅಂತ ನಾವು ತಿಳ್ಕೋತೀವಿ. ಖರೇ ಅಂದ್ರ ಒದರತಿರತೀವಿ. ಸದ್ದು ನಮ್ಮ ಕಿವ್ಯಾಗ ಇರ್ತೈತಿ, ದೂರ ಇದ್ದವರಿಗೆ ನಮ್ಮ ಮಾತ ಮುಟ್ತೈತಿ."

ನಾನು ಒಪ್ಪಲಿಲ್ಲ. ಇಷ್ಟು ವರ್ಷ ಬೀಸಿದವಳು ನಾನು, ನನಗೆ ಮೋಟರಿನ ಪಾಠ ಹೇಳುತ್ತಾನೆ. "ನಾನು ಕುಂದರತೀನಿ ಒಳಗ" ಎಂದು ಎದ್ದು ಕಂಬಳಿಯಾಚೆ ಹೋಗಿ ಕುಳಿತೆ. ಗೂಟದ ಹತ್ತಿರ ನನ್ನ ಜಾಗದಲ್ಲಿ ಸೊಸೆ ಕುಳಿತಳು.

ಕಲ್ಲು ಮತ್ತೆ ತಿರುಗಿತು. ಗರಗರ ಸದ್ದು ಮೊದಲು ಬಂತು. ಅದರ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ನೆಗೆಣ್ಣಿಯ ಮಾತು ಬಂತು. ಒಂದಕ್ಷರವೂ ತಪ್ಪದೆ. ಸೊಸೆಗೆ ಹೇಳುತ್ತಿದ್ದಳು, ಅವಳೂ ನನ್ನ ಹಾಗೆ ಮಗನ ಮಾತು ನಂಬದೆ, ನನಗೆ ಕೇಳುವುದಿಲ್ಲ ಎಂದು ತಿಳಿದು.

"ನಿಮ್ಮತ್ತಿ ಇದ ಕಲ್ಲಿನ ಮುಂದ ಕುಂತು ನನಗ ಹೇಳಿದ್ಲು, ಗಂಡನ ಹೊಡೆತ ತಾಳಲಾರೆ, ನಾಳಿ ಹೊಲಕ್ಕ ಹೋಗುವಾಗ ತಪ್ಪಿಸಿಕೊಂಡು ತವರಿಗೆ ಹೋಗಿಬಿಡ್ತೀನಿ, ಮತ್ತ ಬರಂಗಿಲ್ಲ ಅಂತ. ನಾನು ಇವತ್ತಿನವರೆಗೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ನಾನು ಕಂಬಳಿ ನೋಡುತ್ತಾ ಕುಳಿತೆ. ಹಳ್ಳಿಯ ಮನೆಯಲ್ಲಿ ನಾವು ಬೀಸುತ್ತಿದ್ದ ಜಾಗಕ್ಕೂ ನಮ್ಮತ್ತೆ ಮಲಗುತ್ತಿದ್ದ ಜಾಗಕ್ಕೂ ನಡುವೆ ಇದ್ದದ್ದು ಒಂದು ತಟ್ಟಿ. ಈ ಕಂಬಳಿಗಿಂತ ತೆಳುವು.

ಮುದುಕಿಗೆ ಕೇಳಿಸಿತ್ತು. ಅವತ್ತಿನದು ಮಾತ್ರವಲ್ಲ, ನಾವು ಅವಳನ್ನು ಬೈದ ಬೈಗುಳ ಅಷ್ಟೂ ಕೇಳಿಸಿತ್ತು.

ಆ ಮರುದಿನ ಏನಾಯಿತು ಎಂದು ಹೇಳಬೇಕು. ನಮ್ಮತ್ತೆ ಯಾವ ಸೊಸೆಯನ್ನೂ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋದವಳಲ್ಲ. ಅವತ್ತು ಬೆಳಿಗ್ಗೆ ನನ್ನ ಗಂಡನನ್ನು ಬಂಡಿ ಕಟ್ಟಿಸಿ ಎಮ್ಮಿಗನೂರಿನ ಸಂತೆಗೆ ಕಳಿಸಿದಳು. ಉಳಿದವರನ್ನೆಲ್ಲ ಶೇಂಗಾ ಕೀಳುವುದಕ್ಕೆ ಹೊರಡಿಸಿದಳು. ನನಗೆ, "ನೀ ಮನ್ಯಾಗಿರು" ಎಂದಳು, ಮುಖ ನೋಡದೆ. ಎಲ್ಲರೂ ಹೋದ ಮೇಲೆ ನೋಡಿದರೆ ಗೂಡಿನಲ್ಲಿ ಒಂದು ರೊಟ್ಟಿಯ ಗಂಟು. ಹೊಲಕ್ಕೆ ಒಯ್ಯುವುದನ್ನು ಮರೆತಿದ್ದಾರೆ ಎಂದುಕೊಂಡೆ. ನನ್ನ ಪುಣ್ಯ ಎಂದು ಎತ್ತಿಕೊಂಡು ಹೊರಟೆ. ಊರ ಹೊರಗೆ ಬೇವಿನ ಮರದ ಕೆಳಗೆ ಕುಳಿತು ಬಿಚ್ಚಿದೆ. ಸಜ್ಜೆ ರೊಟ್ಟಿ, ಮೇಲೆ ಕೆಂಪು ಖಾರ. ಎಲ್ಲ ತಿಂದೆ. ಆಮೇಲೆ ಎದ್ದು ಮನೆಗೆ ವಾಪಸು ಬಂದೆ. ಯಾಕೆ ಎಂದು ಕೇಳಬೇಡಿ. ಹೊಟ್ಟೆ ತುಂಬಿತ್ತು, ಬಿಸಿಲಿತ್ತು, ತವರಿನಲ್ಲೂ ಯಾರೂ ಆರತಿ ಹಿಡಿದುಕೊಂಡು ನಿಂತಿರಲಿಲ್ಲ.

ಸಂಜೆ ನಮ್ಮತ್ತೆ ಹೊಲದಿಂದ ಬಂದಳು. ಒಲೆಯ ಮುಂದೆ ನನ್ನನ್ನು ನೋಡಿದಳು. "ಗಂಟಿನ ಬಟ್ಟಿ ತೊಳದು ಹಾಕು" ಎಂದಳು. ಅಷ್ಟೇ. ಹೊಲದ ರೊಟ್ಟಿ ಕದ್ದು ತಿಂದದ್ದಕ್ಕೆ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಗಂಡನ ಕೈ ಅದಾದ ಮೇಲೂ ನಿಲ್ಲಲಿಲ್ಲ, ಮುಪ್ಪು ಬಂದ ಮೇಲೆ ನಿಂತಿತು. ಮುದುಕಿ ಸಾಯುವವರೆಗೆ ಅದರ ಮಾತೆತ್ತಲಿಲ್ಲ. ನಾನೂ ಅದನ್ನು ಮರೆತುಬಿಟ್ಟಿದ್ದೆ.

ಕಂಬಳಿ ಸರಿಸಿ ಹೊರಗೆ ಬಂದಾಗ ಸೊಸೆ ಹಿಟ್ಟಿನ ಕೈಯಲ್ಲೇ ತಲೆ ಹಿಡಿದು ಕುಳಿತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಕೇಳಿತಲ್ಲ ಅತ್ತಿ?"

"ಎಲ್ಲಾ ಕೇಳಿತು."

ನೆಗೆಣ್ಣಿ ನಾಲಿಗೆ ಕಚ್ಚಿಕೊಂಡಳು.

"ಮುಗೀತು ಬಿಡು" ಎಂದಳು ಸೊಸೆ. "ಡೇರೆದಾಗ ಆರು ಮಂದಿಗೂ ಕೇಳಿರ್ತೈತಿ. ಬೆಳಗಾಗೂದರಾಗ ಅವನ್ನ ಹಿಡೀತಾರ. ಸಾಯ್ತಾನ." ಅವಳ ಕಣ್ಣಲ್ಲಿ ನೀರು ಬಂತು. ಹುಟ್ಟೇ ಇರದ ಹುಡುಗನಿಗೆ ಅಳುತ್ತಾಳೆ ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮಗ ಹೇಳಿದ, "ಕೇಳಲಿಲ್ಲ ಅಂತ ಬರಿ. ರೋಮಿನವರು ಬಂದು ಕೇಳತಾರೇನು? ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತಾಗ್ಯೈತಲ್ಲ" ಎಂದಳು.

ನಾನು ಕಲ್ಲಿನ ಪಕ್ಕದಲ್ಲಿ ಕುಳಿತೆ. "ಕೇಳಿದವರೆಲ್ಲಾ ಹೇಳತಾರಂತ ನಿನಗ್ಯಾರು ಹೇಳಿದ್ರು?" ಎಂದೆ. ರೊಟ್ಟಿಯ ಗಂಟಿನ ವಿಷಯ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿದ್ದಿಲ್ಲ, ಹೇಳುವಂಥದ್ದು ಅದರಲ್ಲಿ ಏನಿದೆ ಎಂದು ನನಗೇ ಗೊತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಪ್ರಶ್ನೆಗೆ ಇಳಿದಳು. ಅಳುವಾಗಲೂ ಅವಳ ಬುದ್ಧಿ ಅದೇ.

"ಯಾಕ ಸುಮ್ಮನಿದ್ರು ಅತ್ತಿ? ನೀವು ಹೋಗಲಿ ಅಂತನೋ, ಹೋಗೂದಾದ್ರ ಉಪವಾಸ ಹೋಗಬಾರದಂತನೋ?"

"ಪೀಡೆ ತೊಲಗಲಿ ಅಂತನೂ ಇರಬಹುದು."

"ಖರೇ ಯಾವುದು?"

"ನನಗ್ಹೆಂಗ ಗೊತ್ತು? ಆಕಿ ಸತ್ತು ಯಾವ ಕಾಲ ಆತು. ಗೊತ್ತಿಲ್ಲ ಅಂತ ಬರಿ."

ಅವಳು ಕೈಗಂಟಿದ ಹಿಟ್ಟು ಕೊಡವಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನ ಅಡುಗೆ ನಾನೇ ಮಾಡಿದೆ. ಬೀಸಿದ ಗೋಧಿಹಿಟ್ಟಿನದೇ ರೊಟ್ಟಿ. ತಿಂದರೆ ಹಲ್ಲಿಗೆ ಕರಕರ ಸಿಕ್ಕಿತು ಕಲ್ಲಿನ ಪುಡಿ. ನೆಗೆಣ್ಣಿ ಉಗುಳಿದಳು. ನಾನು ಅಗಿದು ನುಂಗಿದೆ. ಆ ಸಿಪಾಯಿಗಳ ಬಾಯಿಗೂ ಇದೇ ಸಿಕ್ಕಿತ್ತಲ್ಲ, ನಮ್ಮವ್ವನ ಬಾಯಿಗೂ ಇದೇ ಎಂದು ಇನ್ನೊಂದು ತುಂಡು ಮುರಿದುಕೊಂಡೆ.

ಕೊನೆಯನ್ನು ಅವಳು ಹೊಸದಾಗಿ ಬರೆದಳು. ಬಳ್ಳಾರಿಗೆ ಕಳಿಸುವ ಮೊದಲು ನನಗೆ ಓದಿ ಹೇಳಿದಳು. ಡೇರೆಯಲ್ಲಿ ಆರು ಜನಕ್ಕೂ ಕೇಳುತ್ತದೆ. ಯಾರೂ ಮಿಸುಕುವುದಿಲ್ಲ. ಹೊತ್ತು ಮೂಡುವ ಮುಂಚೆ ಹುಡುಗ ಮೊಳೆ ಚಪ್ಪಲಿಗೆ ಕೈ ಹಾಕಿದರೆ, ಅದರ ಪಕ್ಕದಲ್ಲಿ ಒಂದು ರೊಟ್ಟಿಯ ಗಂಟು. ಇಟ್ಟವರು ಯಾರು ಎಂದು ಅವನಿಗೆ ಗೊತ್ತಾಗುವುದಿಲ್ಲ, ಓದುವವರಿಗೂ ಗೊತ್ತಾಗುವುದಿಲ್ಲ. ಆರು ಜನರೂ ನಿದ್ದೆ ಬಂದವರ ಹಾಗೆ ಮಲಗಿರುತ್ತಾರೆ. ಹುಡುಗ ಗಂಟು ಎತ್ತಿಕೊಂಡು ಹೋಗುತ್ತಾನೆ. ನನ್ನ ಹಾಗೆ ವಾಪಸು ಬರುವುದಿಲ್ಲ.

ನಮ್ಮತ್ತೆ ಎಮ್ಮಿಗನೂರಿನ ಸಂತೆಗಿಂತ ದೂರ ಹೋದವಳಲ್ಲ. ಈಗ ಎರಡು ಸಾವಿರ ವರ್ಷದ ಆಚೆ, ಚಳಿ ಸೀಮೆಯಲ್ಲಿ, ಚರ್ಮದ ಡೇರೆಯೊಳಗೆ ಆರು ಸಿಪಾಯಿಗಳ ನಡುವೆ ಕಣ್ಣು ಮುಚ್ಚಿ ಮಲಗಿದ್ದಾಳೆ. ಹೇಗೆ ಹೋದಳು? ನಾನು ಇದನ್ನು ಎಷ್ಟು ಯೋಚಿಸಿದರೂ ತಲೆಗೆ ಹತ್ತುವುದಿಲ್ಲ.

ಓದಿದ ಮೇಲೆ, "ಹೆಂಗೈತಿ ಅತ್ತಿ?" ಎಂದಳು.

"ಎಲ್ಲಾ ಸರಿ. ರೊಟ್ಟಿ ಮ್ಯಾಲೆ ಖಾರ ಯಾಕ ಹಾಕಿಲ್ಲ?"

"ಅವರಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ ಅತ್ತಿ. ಆವಾಗ ನಮ್ಮ ದೇಶದಾಗೂ ಇರಲಿಲ್ಲ. ಅದು ಭಾಳ ಕಾಲ ಆದಮ್ಯಾಲೆ ಹಡಗಿನಾಗ ಬಂತು."

ನಮ್ಮ ಸೀಮೆಯಲ್ಲಿ ಮೆಣಸಿನಕಾಯಿ ಇಲ್ಲದ ಕಾಲವೂ ಒಂದಿತ್ತು!

"ಮತ್ತ ಏನ್ ಇಟ್ಟಿದಿ?"

"ಉಪ್ಪು, ಬೆಳ್ಳುಳ್ಳಿ. ಅವು ಇದ್ದವು. ನೋಡೀನಿ."

"ಉಪ್ಪು ಸರಿ ಹಾಕಿದಿಯಿಲ್ಲೋ?"

"ಹಾಕೀನಿ ಅತ್ತಿ."

"ಹಂಗಾದ್ರ ಕಳಿಸು. ಆ ಹುಡುಗ ದೂರ ಹೋಗಬೇಕು."